ಮಳಿಗೆ ಕೊಂಡಿರಿ ಸರಿ, ಅಲ್ಲಿ ಕೂರುವವರು ಯಾರು?

ಪ್ರಶ್ನೆ: ಬೆಂಗಳೂರಿನಲ್ಲಿ ಕಟ್ಟುತ್ತಿರುವ ಕಾಂಪ್ಲೆಕ್ಸ್ ಒಂದರಲ್ಲಿ ಮಳಿಗೆ ಬುಕ್ ಮಾಡಿ 42 ಲಕ್ಷ ರೂಪಾಯಿ ಕಟ್ಟಿದ್ದೇನೆ. ಗಡುವು ಮುಗಿದು ಮೂರು ವರ್ಷವಾಯಿತು. ಕೇಳಿದರೆ ಬಿಲ್ಡರ್, ‘ಇದು ಕಮರ್ಷಿಯಲ್ ಆಸ್ತಿ, ನೀವು ಗ್ರಾಹಕರೇ ಅಲ್ಲ’ ಎನ್ನುತ್ತಾರೆ. ಹೌದೇ?

ಉತ್ತರ: ಇಂಥ ಪತ್ರಗಳಿಗೆ ಲೆಕ್ಕವಿಲ್ಲ. ಎಲ್ಲದರಲ್ಲೂ ಮಳಿಗೆಯ ಚದರಡಿ ಇರುತ್ತದೆ, ಬಿಲ್ಡರ್‌ಗೆ ಶಾಪ ಇರುತ್ತದೆ. ಅಲ್ಲಿ ಕೂತು ವ್ಯಾಪಾರ ಮಾಡುವವರು ಯಾರು ಎಂಬುದು ಮಾತ್ರ ಇರುವುದಿಲ್ಲ. ನನಗೆ ಬೇಕಾದದ್ದು ಅದೊಂದೇ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನೋಡುವುದು ಕೊಂಡ ಉದ್ದೇಶವನ್ನು. ವಾಣಿಜ್ಯ ಉದ್ದೇಶದವರನ್ನು ಅದು ಹೊರಗಿಡುತ್ತದೆ; ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರನ್ನು ಬಿಟ್ಟುಕೊಡುವುದಿಲ್ಲ. ಡೆನ್ಮಾರ್ಕ್‌ನಲ್ಲಿದ್ದ ದಂಪತಿ ದೆಹಲಿಗೆ ಮರಳಿ ತಾವೇ ವ್ಯವಹಾರ ನಡೆಸಲೆಂದು ಜಾಗ ಬುಕ್ ಮಾಡಿದ್ದರು. ರಾಷ್ಟ್ರೀಯ ಗ್ರಾಹಕ ಆಯೋಗ, ನೀವು ಗ್ರಾಹಕರಲ್ಲ ಎಂದು ಅವರನ್ನು ವಾಪಸು ಕಳಿಸಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್, ಇವರು ಗ್ರಾಹಕರೇ ಎಂದಿತು. ನೀವೇ ಗಲ್ಲಾಪೆಟ್ಟಿಗೆ ಮುಂದೆ ಕೂತು ಮೆಡಿಕಲ್ ಸ್ಟೋರ್ ನಡೆಸುವುದಾದರೆ ನಿಮಗೂ ಅದೇ ನ್ಯಾಯ. ಸಹಾಯಕ್ಕೆ ಒಬ್ಬಿಬ್ಬರು ಹುಡುಗರಿದ್ದರೂ ಅಡ್ಡಿಯಿಲ್ಲ, ಅದು 1995ರಲ್ಲೇ ಇತ್ಯರ್ಥವಾದ ಮಾತು. ಬಾಡಿಗೆಗೆ ಬಿಡಲೆಂದೋ ರೇಟು ಏರಿದ ಮೇಲೆ ಮಾರಲೆಂದೋ ಕೊಂಡಿದ್ದರೆ, ಬಿಲ್ಡರ್ ಹೇಳಿದ್ದೇ ಸರಿ.

ಕೋರ್ಟ್ ಆವರಣದಲ್ಲಿ ಕೆಲವರು ಎಲ್ಲರ ದೂರಿಗೂ ‘ಸ್ವಯಂ ಉದ್ಯೋಗ, ಜೀವನೋಪಾಯ’ ಎಂಬ ಒಂದೇ ಸಾಲು ಅಂಟಿಸಿ ಕೊಡುತ್ತಾರೆ. ಅದನ್ನು ನಂಬಬೇಡಿ. ‘ಬಾಡಿಗೆ ಎಷ್ಟು ಬರಬಹುದು’ ಎಂದು ಬುಕಿಂಗ್ ದಿನ ನೀವು ಕಳಿಸಿದ ಮೇಲ್ ಎದುರು ಪಕ್ಷದ ವಕೀಲರ ಫೈಲಿನಲ್ಲಿರುತ್ತದೆ. ವಾಣಿಜ್ಯ ಉದ್ದೇಶವನ್ನು ಸಾಬೀತುಪಡಿಸುವ ಹೊಣೆ ಬಿಲ್ಡರ್‌ದೇ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ನಿಜ. ಹಾಗೆಂದು ಸಾಕ್ಷಿಯನ್ನು ನೀವೇ ಒದಗಿಸಬೇಕೆ?

ನೀವು ಕಟ್ಟಿದ್ದು 50 ಲಕ್ಷದೊಳಗಿರುವುದರಿಂದ ಗ್ರಾಹಕರಾಗಿ ದೂರು ಕೊಡಬೇಕಾದದ್ದು ಜಿಲ್ಲಾ ಗ್ರಾಹಕ ಆಯೋಗಕ್ಕೆ. ಉದ್ದೇಶದ ಬಗ್ಗೆ ಎಳ್ಳಷ್ಟು ಅನುಮಾನವಿದ್ದರೂ ನಾನು ಮಾತ್ರ ರೆರಾಗೆ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ ಹೋಗುತ್ತೇನೆ. 2016ರ ರೆರಾ ಕಾಯ್ದೆಯಲ್ಲಿ ಅಂಗಡಿ, ಆಫೀಸು, ಗೋದಾಮು ಎಲ್ಲವೂ ಬರುತ್ತವೆ. ಯಾಕೆ ಕೊಂಡಿರಿ ಎಂದು ಯಾರೂ ಕೇಳುವುದಿಲ್ಲ. ಬಡ್ಡಿ ಸಮೇತ ಹಣ ವಾಪಸು ಕೇಳಬಹುದು. ಆದೇಶವಾದರೂ ಬಿಲ್ಡರ್ ಕೊಡದಿದ್ದರೆ ವಸೂಲಿಗೆ ಕಂದಾಯ ಇಲಾಖೆಯ ಹಿಂದೆ ಅಲೆಯಬೇಕಾದೀತು, ಅದಕ್ಕೆ ಸಿದ್ಧರಾಗಿ.

ಪ್ರಶ್ನೆ: ಜಿಎಸ್‌ಟಿ ಕಟ್ಟಿದ್ದೇನೆ, ಹಾಗಾಗಿ ಗ್ರಾಹಕನಲ್ಲವೇ?

ಉತ್ತರ: ದೊಡ್ಡ ದೊಡ್ಡ ಕಂಪನಿಗಳೂ ಕಟ್ಟುತ್ತವೆ.

ಪ್ರಶ್ನೆ: ಎರಡನೇ ಫ್ಲ್ಯಾಟ್ ಕೊಂಡರೆ ಹಕ್ಕು ಹೋಗುತ್ತದಂತೆ?

ಉತ್ತರ: ಹೋಗುವುದಿಲ್ಲ. ಫ್ಲ್ಯಾಟ್ ಕೊಂಡು ಮಾರುವುದೇ ನಿಮ್ಮ ಕಸುಬಾಗಿದ್ದರೆ ಬೇರೆ ಮಾತು.

ಪ್ರಶ್ನೆ: ತಿಂಗಳು ತಿಂಗಳು ಖಚಿತ ಬಾಡಿಗೆ ಕೊಡುತ್ತೇವೆಂದು ಮಾಲ್‌ನಲ್ಲಿ ಮಳಿಗೆ ಮಾರಿದರು, ಈಗ ಬಾಡಿಗೆ ನಿಲ್ಲಿಸಿದ್ದಾರೆ.

ಉತ್ತರ: ಮೊದಲ ಪ್ರಶ್ನೆಯ ಉತ್ತರ ಇನ್ನೊಮ್ಮೆ ಓದಿ, ಆಮೇಲೆ ರೆರಾ ವಕೀಲರನ್ನು ನೋಡಿ.