ಬಾಟಲಿಯಲ್ಲಿ ಮಾರುವ ‘ಅಭಿಷೇಕ ತೈಲ’ವನ್ನು ಹುಣ್ಣಿಗೆ ಹಚ್ಚಬಹುದೇ?

ಓದುಗರ ಪ್ರಶ್ನೆಗಳಿಗೆ ಈ ಬಾರಿ ಉತ್ತರಿಸಿದವರು ಕಥೋಲಿಕ ಆರಾಧನಾ ವಿಧಿಗಳನ್ನು ಕಲಿಸುವ ಗುರುಗಳು.

ಪ್ರಶ್ನೆ: ಅಮ್ಮನಿಗೆ ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳ ಬಳಿ ಹುಣ್ಣಾಗಿದೆ. ನಾವು ಕಥೋಲಿಕರು, ಆದರೆ ಬೇರೊಂದು ಪ್ರಾರ್ಥನಾ ಕೂಟದಿಂದ ‘ಯೆರೂಸಲೇಮಿನ ಅಭಿಷೇಕ ತೈಲ’ ಕೊಂಡು ತಂದು ದಿನಾ ಹಚ್ಚುತ್ತಿದ್ದೇವೆ. ನೋವಿಲ್ಲ ಅನ್ನುತ್ತಾರೆ. ಇನ್ಸುಲಿನ್ ಬಿಟ್ಟರೆ ಮಾತ್ರ ನಂಬಿಕೆ ಪೂರ್ತಿಯಾಗುತ್ತದೆ ಎಂದು ಅಲ್ಲಿನ ಬೋಧಕರು ಹೇಳುತ್ತಾರೆ. ಬೈಬಲ್ಲಿನಲ್ಲೇ ಎಣ್ಣೆ ಹಚ್ಚಿ ಎಂದಿದೆಯಲ್ಲವೇ?

ಉತ್ತರ: ಇನ್ಸುಲಿನ್ ನಿಲ್ಲಿಸಬೇಡಿ. ಇವತ್ತೇ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಉಳಿದದ್ದನ್ನು ಬಂದ ಮೇಲೆ ಓದಿ. ‘ನೋವಿಲ್ಲ’ ಎಂಬ ಮಾತೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರಗಳು ಕೆಟ್ಟು ನೋವೇ ಗೊತ್ತಾಗದೆ ಹೋಗಬಹುದು. ಅಂಥ ಹುಣ್ಣು ಸದ್ದಿಲ್ಲದೆ ಒಳಗೆ ಕೊಳೆತು, ಕಾಲು ತೆಗೆಯುವ ಹಂತಕ್ಕೆ ಬಂದದ್ದನ್ನು ರೋಗಿಗಳ ಮನೆಗಳಲ್ಲಿ ಕಂಡಿದ್ದೇನೆ.

ಇನ್ನು ಬೈಬಲ್ಲಿನ ಮಾತು. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಪ್ರತಿ ಸಲವೂ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದ 14ನೇ ವಚನವನ್ನು ಅರ್ಧಕ್ಕೆ ಕತ್ತರಿಸಿ ಮುಂದಿಡುತ್ತಾರೆ. ಪೂರ್ತಿ ಓದಿ. ಕಾಯಿಲೆ ಬಿದ್ದವನು ಸಭೆಯ, ಅಂದರೆ ಚರ್ಚಿನ, ಹಿರಿಯರನ್ನು ಕರೆಸಲಿ, ಅವರು ಪ್ರಭುವಿನ ಹೆಸರಿನಲ್ಲಿ ಎಣ್ಣೆ ಹಚ್ಚಿ ಅವನಿಗಾಗಿ ಪ್ರಾರ್ಥಿಸಲಿ ಎಂದಿದೆ. ಅಂದರೆ ಎದ್ದು ಓಡಾಡಲಾಗದವನ ಹಾಸಿಗೆಯ ಬಳಿಗೆ ಸಭೆಯೇ ನಡೆದು ಬರಬೇಕು. ಮುಂದಿನ ವಚನವಂತೂ ನಂಬಿಕೆಯ ಪ್ರಾರ್ಥನೆ ರೋಗಿಯನ್ನು ಉಳಿಸುತ್ತದೆ, ಪ್ರಭು ಅವನನ್ನು ಎಬ್ಬಿಸುತ್ತಾನೆ ಎನ್ನುತ್ತದೆ. ಎಣ್ಣೆ ಎಬ್ಬಿಸುತ್ತದೆ ಎಂದು ಬರೆದಿಲ್ಲ. ಔಷಧ ಬಿಡು ಎಂದಂತೂ ಎಲ್ಲೂ ಇಲ್ಲ. ಕಥೋಲಿಕ ಬೈಬಲ್ಲಿನಲ್ಲಿರುವ ಸಿರಾಕನ ಗ್ರಂಥದ 38ನೇ ಅಧ್ಯಾಯ ತೆಗೆದು ನೋಡಿ: ವೈದ್ಯನನ್ನು ಗೌರವಿಸು, ಔಷಧವನ್ನು ಭೂಮಿಯಿಂದ ಹುಟ್ಟಿಸಿದವನು ದೇವರೇ ಎಂದಿದೆ.

ಯೇಸುವಿನ ಕಾಲದಲ್ಲಿ ಆಲಿವ್ ಎಣ್ಣೆ ದೀಪಕ್ಕೂ ಅಡುಗೆಗೂ ಗಾಯಕ್ಕೂ ಬಳಕೆಯಾಗುತ್ತಿತ್ತು. ಯೇಸು ಹೇಳಿದ ಕಥೆಯಲ್ಲಿ, ಕಳ್ಳರ ಕೈಗೆ ಸಿಕ್ಕು ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಒಳ್ಳೆಯ ಸಮಾರಿಯದವನು ಎಣ್ಣೆ, ದ್ರಾಕ್ಷಾರಸ ಎರಡನ್ನೂ ಹೊಯ್ದು ಕಟ್ಟಿದ. ಅಷ್ಟಕ್ಕೇ ಬಿಡಲಿಲ್ಲ. ತನ್ನ ವಾಹನಪ್ರಾಣಿಯ ಮೇಲೆ ಕೂರಿಸಿ, ಛತ್ರಕ್ಕೆ ಸೇರಿಸಿ, ಆರೈಕೆ ಮಾಡಿದ. ಮರುದಿನ ಮುಂದಿನ ಖರ್ಚಿಗೆಂದು ತನ್ನ ಕೈಯಿಂದ ಎರಡು ಬೆಳ್ಳಿ ನಾಣ್ಯ ಕೊಟ್ಟ. ತೈಲ ಮಾರುವವರು ಈ ಭಾಗವನ್ನು ಏಕೆ ಓದುವುದಿಲ್ಲ?

ಬೈಬಲ್ಲಿನಲ್ಲಿ ಪ್ರವಾದಿ ಸಮುವೇಲನು ದಾವೀದನ ತಲೆಗೆ ಎಣ್ಣೆ ಹೊಯ್ದು ಅರಸನನ್ನಾಗಿ ಆರಿಸಿದ. ಆರೋನನನ್ನು ಯಾಜಕನನ್ನಾಗಿ ಮಾಡಿದ್ದೂ ಎಣ್ಣೆಯಿಂದಲೇ. ಅರಸನಿಗೆ, ಯಾಜಕನಿಗೆ ಸಂದ ಆ ಗೌರವವನ್ನು ಸಭೆ ಹಾಸಿಗೆ ಹಿಡಿದವಳಿಗೂ ಸಲ್ಲಿಸುತ್ತದೆ. ಮನೆಯವರಿಗೆ ಭಾರವಾದೆನಲ್ಲ ಎಂದು ಕುಗ್ಗಿರುವ ಮುದುಕಿಗೆ, ನೀನು ದೇವರು ಆರಿಸಿಕೊಂಡವಳು ಎಂದು ಹೇಳುವ ಗುರುತು ಅದು. ನಿಮ್ಮ ಅಮ್ಮನಿಗೆ ಸಿಗಬೇಕಾದದ್ದು ಅದು. ಅದನ್ನು ಯಾರೋ ಬೆಲೆ ಚೀಟಿ ಅಂಟಿಸಿ ಮಾರುತ್ತಾರಲ್ಲ, ಅದಕ್ಕೇ ನನಗೆ ಸಿಟ್ಟು.

ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಈ ವಿಧಿಗೆ ನಾವು ಅಭ್ಯಂಗ ಎನ್ನುತ್ತೇವೆ. ನಿಜವಾದ ಅಭ್ಯಂಗ ಹೇಗಿರುತ್ತದೆ ಗೊತ್ತೇ? ಗುರುಗಳು, ಅಂದರೆ ಪಾದ್ರಿಗಳು, ಮೊದಲು ರೋಗಿಯ ತಲೆಯ ಮೇಲೆ ಮಾತಿಲ್ಲದೆ ಕೈ ಇಡುತ್ತಾರೆ. ಲೋಹದ ಪುಟ್ಟ ಡಬ್ಬಿಯಲ್ಲಿ ಎಣ್ಣೆ ಹೀರಿದ ಹತ್ತಿ ಇರುತ್ತದೆ. ಹೆಬ್ಬೆರಳನ್ನು ಅದಕ್ಕೆ ಒತ್ತಿ ಹಣೆಗೆ, ಅಂಗೈಗಳಿಗೆ ಶಿಲುಬೆಯ ಗುರುತು ಹಾಕುತ್ತಾರೆ. ಒಂದು ಹನಿಯೂ ಖರ್ಚಾಗುವುದಿಲ್ಲ. ಹುಣ್ಣಿಗೆ ಮದ್ದಿನಂತೆ ಬಳಿಯುವ ಕ್ರಮವೇ ಇಲ್ಲ. ಇದು ಸಾಯುವವರಿಗೆ ಮಾತ್ರ ಎಂದು ಗುರುಗಳನ್ನು ಕೊನೆಯ ಗಳಿಗೆಯವರೆಗೆ ಕರೆಯದೆ ಕೂರುವುದೂ ತಪ್ಪು. ಗಂಭೀರ ಕಾಯಿಲೆ, ದೊಡ್ಡ ಆಪರೇಷನ್, ವೃದ್ಧಾಪ್ಯದ ನಿತ್ರಾಣ, ಯಾವುದಕ್ಕೂ ಕರೆಯಬಹುದು.

‘ಯೆರೂಸಲೇಮಿನದು’ ಎಂಬ ಹೆಚ್ಚುಗಾರಿಕೆಯೂ ಪೊಳ್ಳು. ಆಲಿವ್ ಸಿಗದ ಕಡೆ ಬೇರೆ ಸಸ್ಯಜನ್ಯ ಎಣ್ಣೆಯೂ ಆಗುತ್ತದೆ ಎಂದು 6ನೇ ಪೌಲ್ ಪೋಪರು 1972ರಲ್ಲೇ ಅನುಮತಿ ಕೊಟ್ಟಿದ್ದಾರೆ. ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರ ಅಥವಾ ಅದಕ್ಕೆ ಹತ್ತಿರದ ಮುಂಚಿನ ಒಂದು ದಿನ ಧರ್ಮಾಧ್ಯಕ್ಷರು (ಬಿಷಪರು) ರೋಗಿಗಳ ತೈಲ, ದೀಕ್ಷಾಸ್ನಾನಕ್ಕೆ ಸಿದ್ಧರಾಗುವ ದೀಕ್ಷಾರ್ಥಿಗಳ ತೈಲ, ಸುಗಂಧ ಬೆರೆಸಿದ ಕ್ರಿಸ್ಮ ತೈಲ ಮೂರನ್ನೂ ಪವಿತ್ರೀಕರಿಸಿ ಚರ್ಚುಗಳಿಗೆ ಹಂಚುತ್ತಾರೆ. ಮಾರುವುದಿಲ್ಲ. ಮೋಶೆಯ ಸೂತ್ರದಂತೆ ರಕ್ತಬೋಳ, ಲವಂಗಚಕ್ಕೆ ಹಾಕಿ ಕಾಸಿದ್ದು ಎನ್ನುವವರು ವಿಮೋಚನಕಾಂಡದ 30ನೇ ಅಧ್ಯಾಯವನ್ನು ಕೊನೆಯವರೆಗೂ ಓದಲಿ. ಅದರಂತೆ ಬೇರೆ ಮಾಡಬಾರದು, ಮಾಡಿದವನನ್ನು ಕುಲದಿಂದ ತೆಗೆದುಹಾಕಬೇಕು ಎಂದು ಅಲ್ಲೇ ಇದೆ. ಪವಿತ್ರಾತ್ಮನ ವರವನ್ನು ದುಡ್ಡಿಗೆ ಕೇಳಿದ ಸಿಮೋನನಿಗೆ, ನಿನ್ನ ಹಣ ನಿನ್ನೊಂದಿಗೇ ಹಾಳಾಗಲಿ ಎಂದು ಯೇಸುವಿನ ಶಿಷ್ಯ ಪೇತ್ರ ಮುಖಕ್ಕೆ ಹೇಳಿದ. ಸಕ್ಕರೆ ಕಾಯಿಲೆ ವಾಸಿಮಾಡುತ್ತೇವೆಂದು ಮಂತ್ರ, ತಾಯಿತಗಳನ್ನು ಜಾಹೀರಾತು ಮಾಡುವುದನ್ನು 1954ರ ಕಾಯ್ದೆಯೂ ನಿಷೇಧಿಸಿದೆ. ಇನ್ಸುಲಿನ್ ಬಿಡಿಸುವ ಬೋಧಕನ ಕೂಟಕ್ಕೆ ಇನ್ನು ಹೋಗಬೇಡಿ.

ಪ್ರಶ್ನೆ: ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದದ ರೊಟ್ಟಿಯನ್ನು ಮನೆಗೆ ತಂದು ಪಟದ ಮುಂದಿಟ್ಟರೆ ಒಳ್ಳೆಯದಾಗುತ್ತದೆಯೇ?

ಉತ್ತರ: ತರಲೇಬಾರದು. ಕೊಟ್ಟಲ್ಲೇ ಸೇವಿಸಿ.

ಪ್ರಶ್ನೆ: ಗೋದಿಯೇ ಏಕೆ? ನಮ್ಮ ರಾಗಿ, ಅಕ್ಕಿ ಆಗದೇ?

ಉತ್ತರ: ಕಥೋಲಿಕ ಪೂಜೆಗೆ ಆಗದು. ಬರೀ ಗೋದಿ ಹಿಟ್ಟು, ನೀರು. ರೊಟ್ಟಿ ಒಂದೇ ಆದ್ದರಿಂದ ಅನೇಕರಾದ ನಾವೂ ಒಂದೇ ದೇಹ ಎಂದು ಬೈಬಲ್ಲಿನ ಪೌಲ ಕೊರಿಂಥದ ಸಭೆಯವರಿಗೆ ಬರೆದ. ಧಾನ್ಯದ ಹೆಸರಿನಲ್ಲಿ ಜಗಳ ತೆಗೆಯುವವರು ಮೊದಲು ಅದನ್ನು ಓದಲಿ.

ಪ್ರಶ್ನೆ: ದ್ರಾಕ್ಷಾರಸವೂ ಮದ್ಯವೇ. ಕುಡಿತ ಬಿಟ್ಟ ನನ್ನ ಗಂಡ ಏನು ಮಾಡಬೇಕು?

ಉತ್ತರ: ರೊಟ್ಟಿಯನ್ನಷ್ಟೇ ಸ್ವೀಕರಿಸಲಿ. ರೊಟ್ಟಿಯಲ್ಲೂ ಕ್ರಿಸ್ತ ಪೂರ್ತಿಯಾಗಿಯೇ ಇದ್ದಾನೆ, ಏನೂ ಕಡಿಮೆಯಾಗುವುದಿಲ್ಲ. ಒಂದು ಗುಟುಕು ಪರವಾಗಿಲ್ಲ ಎಂದು ಯಾರು ಒತ್ತಾಯಿಸಿದರೂ ಕೇಳಬೇಡಿ.

ಪ್ರಶ್ನೆ: ಮಗಳಿಗೆ ಗೋದಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಆಗುವುದಿಲ್ಲ. ಪರಮಪ್ರಸಾದ ಹೇಗೆ ಕೊಡಿಸಲಿ?

ಉತ್ತರ: ಗ್ಲುಟೆನ್ ಪೂರ್ತಿ ತೆಗೆದ ರೊಟ್ಟಿ ಸಿಂಧುವಲ್ಲ, ಅತಿ ಕಡಿಮೆ ಇರುವುದು ಆಗುತ್ತದೆ ಎಂದು ವ್ಯಾಟಿಕನ್ 2017ರಲ್ಲಿ ಮತ್ತೆ ನೆನಪಿಸಿದೆ. ಅದು ತಡೆಯುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ತಡೆಯದಿದ್ದರೆ ದ್ರಾಕ್ಷಾರಸ ಮಾತ್ರ ಕೊಡಿಸಿ, ಆದರೆ ಗುರುಗಳಿಗೆ ಪೂಜೆಗೆ ಮುಂಚೆಯೇ ತಿಳಿಸಿ ಅವಳಿಗೆ ಬೇರೆ ಪಾತ್ರೆ ಇಡಿಸಿ. ಗುರುಗಳು ರೊಟ್ಟಿ ಮುರಿದು ಒಂದು ಚೂರನ್ನು ತಮ್ಮ ಪಾತ್ರೆಗೆ ಹಾಕುತ್ತಾರೆ, ಆ ಪಾತ್ರೆಯಿಂದ ಅವಳು ಕುಡಿಯಬಾರದು.