ಪಾರ್ಮಿಜಾನಿನೋನ ಗೆರೆಗಳು ಅಪೂರ್ಣವೇ?

ಹದಿನಾರನೆಯ ಶತಮಾನದ ಇಟಲಿಯ ಚಿತ್ರಕಾರ ಪಾರ್ಮಿಜಾನಿನೋ ಮಾಡಿದ ಯೇಸು ಜನನದ ಎಚ್ಚಿಂಗ್‌ನಲ್ಲಿ (ಆಮ್ಲದಿಂದ ಕೊರೆದ ಲೋಹದ ಫಲಕದಿಂದ ಕಾಗದಕ್ಕೆ ಒತ್ತಿದ ಮುದ್ರಣ) ಗೆರೆಗಳು ಅವಸರದಲ್ಲಿ ಗೀಚಿದಂತಿವೆ, ಇದು ಅರ್ಧಕ್ಕೇ ಬಿಟ್ಟ ಕೆಲಸವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಆ ಚುರುಕೇ ಅವನ ಸಾಧನೆ.

ತಾಮ್ರದ ಮೇಲೆ ನೇರವಾಗಿ ಉಳಿಯಿಂದ ಕೊರೆಯುವವರು ಲೋಹದ ಬಿಗಿತದೊಡನೆ ಸೆಣಸಬೇಕು. ಹಾಗಾಗಿ ಅಲ್ಲಿನ ಗೆರೆ ಅಳೆದು ತೂಗಿದಂತಿರುತ್ತದೆ. ಎಚ್ಚಿಂಗ್‌ನಲ್ಲಿ ಫಲಕಕ್ಕೆ ಮೇಣದಂಥ ಪದರ ಬಳಿದು, ಅದರ ಮೇಲೆ ಸೂಜಿಯಿಂದ ಬಿಡಿಸುತ್ತಾರೆ. ಆಮೇಲೆ ಫಲಕವನ್ನು ಆಮ್ಲದಲ್ಲಿಟ್ಟರೆ, ಪದರ ಸರಿದ ಕಡೆಯಷ್ಟೇ ಆಮ್ಲ ತಾಮ್ರವನ್ನು ತಿನ್ನುತ್ತದೆ. ಕೈಗೆ ತಡೆಯೇ ಇಲ್ಲ, ಕಾಗದದ ಮೇಲೆ ಲೇಖನಿ ಓಡಿದಷ್ಟೇ ಸಲೀಸು. ಜರ್ಮನಿಯಲ್ಲಿ ಕಲಾವಿದ ಡ್ಯೂರರ್ ಅದಾಗಲೇ ಕಬ್ಬಿಣದ ಫಲಕಗಳಲ್ಲಿ ಇದನ್ನು ಪ್ರಯತ್ನಿಸಿದ್ದ. ಆದರೆ ಇಟಲಿಯಲ್ಲಿ ಈ ಸಲೀಸಿನ ಬೆಲೆ ಅರಿತು ದುಡಿಸಿಕೊಂಡ ಮೊದಲ ದೊಡ್ಡ ಕಲಾವಿದ ಪಾರ್ಮಿಜಾನಿನೋ. ನಿಮಗೆ ಗೀಚಿದಂತೆ ಕಂಡ ಆ ಗೆರೆಗಳಲ್ಲಿ ನನಗೆ ಕಾಣುವುದು ಅವನ ಕೈಬರಹ.

ಅವನು 1503ರಲ್ಲಿ ಪಾರ್ಮಾದಲ್ಲಿ ಹುಟ್ಟಿದ, ಊರಿನ ಹೆಸರೇ ಅವನಿಗೂ ಅಂಟಿತು. ನಿಜವಾದ ಹೆಸರು ಫ್ರಾಂಚೆಸ್ಕೊ ಮಜ್ಜೋಲ. 1527ರಲ್ಲಿ ಸೈನಿಕರು ರೋಮ್ ನಗರವನ್ನು ಸೂರೆ ಮಾಡಿದಾಗ ಅಲ್ಲಿಂದ ಹೊರಟು ಬೊಲೋನ್ಯಾ ಸೇರಿದ. ಅಲ್ಲಿ ಅವನ ಜೊತೆಗಿದ್ದ ಮುದ್ರಣಕಾರ ಆಂತೋನಿಯೊ ದಾ ತ್ರೆಂತೊ ಫಲಕಗಳನ್ನೂ ರೇಖಾಚಿತ್ರಗಳನ್ನೂ ಕದ್ದು ಓಡಿಹೋದನೆಂದು, ಆ ಕಾಲದ ಕಲಾವಿದರ ಜೀವನಕಥೆಗಳನ್ನು ಬರೆದ ವಸಾರಿ ಹೇಳಿದ್ದಾನೆ. ಓದಿದಾಗಲೆಲ್ಲ ಸಂಕಟವಾಗುತ್ತದೆ.

ಅವನದು ಮ್ಯಾನರಿಸ್ಟ್ ಶೈಲಿ, ಅಂದರೆ ಸಹಜತೆಗಿಂತ ನಾಜೂಕಿಗೆ ಒತ್ತು ಕೊಟ್ಟ ಹದಿನಾರನೆಯ ಶತಮಾನದ ಶೈಲಿ. ಅದರ ಗುರುತು ಹುಡುಕುವುದಾದರೆ ನೀಳವಾಗಿ ಎಳೆದ ದೇಹಗಳನ್ನೂ ಅವುಗಳ ನಾಜೂಕು ಬಳುಕನ್ನೂ ಗಮನಿಸಿ. ಫ್ಲಾರೆನ್ಸ್‌ನ ಉಫಿಜಿ ಕಲಾಸಂಗ್ರಹಾಲಯದಲ್ಲಿರುವ ಅವನ ನೀಳಕತ್ತಿನ ಮರಿಯಳ ವರ್ಣಚಿತ್ರದ ಪಕ್ಕದಲ್ಲಿ ಈ ಮುದ್ರಣವನ್ನಿಟ್ಟು ನೋಡಿ. ಎರಡರಲ್ಲೂ ಅದೇ ಕೈ ಕಾಣುತ್ತದೆ.