ಮಗನ ಕಂಪನಿಗೂ ವಿಧಾನಸೌಧಕ್ಕೂ ಏನು ಸಂಬಂಧ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಸ್ಟಾರ್ಟಪ್‌ಗಳ ಬಗ್ಗೆ ಬರೆಯುತ್ತಾ ಅಲ್ಲಿಗೂ ರಾಜಕೀಯ ತಂದಿರಿ. ನನ್ನ ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು, ಕಾಫಿ ತೋಟದ ಮಣ್ಣಿನ ತೇವ ಅಳೆದು ಫೋನಿಗೆ ತಿಳಿಸುವ ಯಂತ್ರ ಮಾಡುತ್ತಿದ್ದಾನೆ. ಇಲಾನ್ ಮಸ್ಕ್ ಆಗಲಿ, ಫ್ಲಿಪ್‌ಕಾರ್ಟ್ ಕಟ್ಟಿದ ಹುಡುಗರಾಗಲಿ ಬೆಳೆದದ್ದು ಬುದ್ಧಿ, ಧೈರ್ಯದಿಂದ. ಸರ್ಕಾರ ಅಡ್ಡ ಬರದಿದ್ದರೆ ಸಾಕು. ನಮ್ಮ ಮಕ್ಕಳಿಗೆ ಧೈರ್ಯ ಹೇಳಿ, ರಾಜಕೀಯ ಬೇಡ.
– ಒಬ್ಬ ತಾಯಿ, ಪೊನ್ನಂಪೇಟೆ

ಸಂಪಾದಕರ ಉತ್ತರ:

ತಾಯಿ, ನಿಮ್ಮ ಪತ್ರ ಓದಿ ಸಂತೋಷವಾಯಿತು. ಸಂಬಳ ಬಿಟ್ಟು ಊರಿಗೆ ಮರಳಿದ ಮಗನ ಬೆನ್ನಿಗೆ ನಿಲ್ಲುವ ತಾಯಂದಿರು ನಮ್ಮಲ್ಲಿ ಕಡಿಮೆ. ಸರ್ಕಾರ ಅಡ್ಡ ಬರುತ್ತದೆ ಎಂಬ ನಿಮ್ಮ ಮಾತೂ ಸುಳ್ಳಲ್ಲ. ಹೊಸ ಕಂಪನಿಯ ಷೇರಿಗೆ ನ್ಯಾಯಬೆಲೆಗಿಂತ ಹೆಚ್ಚಾಗಿ ಬಂದ ಬಂಡವಾಳವನ್ನು ಆದಾಯವೆಂದು ಲೆಕ್ಕ ಹಾಕುವ ಏಂಜೆಲ್ ತೆರಿಗೆ 2012ರಲ್ಲಿ ಬಂದದ್ದು, ತೊಲಗಿದ್ದು 2024ರ ಬಜೆಟ್ಟಿನಲ್ಲಿ. ಅಷ್ಟು ವರ್ಷ ಅದು ಎಷ್ಟೋ ಹುಡುಗರ ನಿದ್ದೆ ಕೆಡಿಸಿತು. ಇದನ್ನು ಒಪ್ಪುತ್ತೇನೆ. ಆದರೆ ನಿಮ್ಮ ಉಳಿದ ಮಾತಿಗೆ ತಲೆಯಾಡಿಸಲು ನನ್ನಿಂದಾಗದು.

ಕೊಡಗಿನ ಕಾಫಿಯಿಂದಲೇ ಶುರು ಮಾಡುತ್ತೇನೆ. 1940ರ ದಶಕದಿಂದ ನಮ್ಮ ಹಿರಿಯರು ಬೆಳೆದ ಕಾಫಿಯನ್ನು ಸರ್ಕಾರದ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ ಕೊಟ್ಟು, ಹಣಕ್ಕೆ ಕಂತು ಕಂತಾಗಿ ಕಾಯಬೇಕಿತ್ತು. ಬೆಳೆಗಾರರು ಗಲಾಟೆ ಮಾಡಿದರು, ದೆಹಲಿಗೆ ಹೋದರು, ಸಂಸದರನ್ನು ಹಿಡಿದರು. 1990ರ ದಶಕದ ಆರಂಭದಿಂದ ಹಂತಹಂತವಾಗಿ ಮಾರುಕಟ್ಟೆ ಬಿಡುಗಡೆಯಾಗಿ, 1996ರ ಹೊತ್ತಿಗೆ ಪೂರ್ತಿ ಮುಕ್ತವಾಯಿತು. ಇತ್ತ 1995ರ ಆಗಸ್ಟ್ 15ರಂದು ಸರ್ಕಾರಿ ಸಂಸ್ಥೆ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಿತು. ಮರುವರ್ಷವೇ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಕಾಫಿಯನ್ನೂ ಇಂಟರ್ನೆಟ್ಟನ್ನೂ ಒಟ್ಟಿಗೆ ಮಾರುವ ಕೆಫೆ ಕಾಫಿ ಡೇ ತೆರೆದರು. ಧೈರ್ಯ ಅವರದೇ, ಬುದ್ಧಿ ಅವರದೇ. ಆದರೆ ಆ ಎರಡು ಸರ್ಕಾರಿ ತೀರ್ಮಾನಗಳಿಲ್ಲದಿದ್ದರೆ ಆ ಅಂಗಡಿಯ ಬಾಗಿಲು ತೆರೆಯುತ್ತಿತ್ತೇ? ಕಾಫಿಯ ಮನುಷ್ಯನೇ ಮುಂದೆ ಮೈಂಡ್‌ಟ್ರೀ ಎಂಬ ಸಾಫ್ಟ್‌ವೇರ್ ಕಂಪನಿಗೆ ಹಣ ಹಾಕಿ, 2019ರಲ್ಲಿ ಆ ಪಾಲನ್ನು ಎಲ್ ಅಂಡ್ ಟಿಗೆ ಮಾರಿದರು. ಅದೇ ವರ್ಷ ಸಾಲದ ಭಾರದಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ಮಲೆನಾಡು, ಕೊಡಗು ಎರಡೂ ಮೌನವಾಗಿದ್ದವು. ಅವರನ್ನು ನೆನೆಯುವಾಗ ಗೌರವದಿಂದಲೇ ನೆನೆಯುತ್ತೇನೆ.

ಇನ್ನು ಮಸ್ಕ್. 2008ರ ಆಗಸ್ಟ್ ಹೊತ್ತಿಗೆ ಅವರ ರಾಕೆಟ್ ಕಂಪನಿ ಸ್ಪೇಸ್‌ಎಕ್ಸ್‌ನ ಮೊದಲ ಮೂರು ರಾಕೆಟ್‌ಗಳು ಕೈಕೊಟ್ಟಿದ್ದವು, ಸೆಪ್ಟೆಂಬರಿನಲ್ಲಿ ನಾಲ್ಕನೆಯದು ಹಾರಿತು. ಆ ಡಿಸೆಂಬರಿನಲ್ಲಿ ಕಂಪನಿಯನ್ನು ಉಳಿಸಿದ್ದು ಅಮೆರಿಕ ಸರ್ಕಾರದ ಬಾಹ್ಯಾಕಾಶ ಸಂಸ್ಥೆ ನಾಸಾದ 160 ಕೋಟಿ ಡಾಲರ್ ಗುತ್ತಿಗೆ. ಅವರ ವಿದ್ಯುತ್ ಕಾರಿನ ಕಂಪನಿ ಟೆಸ್ಲಾಗೆ 2010ರಲ್ಲಿ ಅಮೆರಿಕದ ಇಂಧನ ಇಲಾಖೆ 46.5 ಕೋಟಿ ಡಾಲರ್ ಸಾಲ ಕೊಟ್ಟಿತು. ಅವಧಿಗೆ ಮೊದಲೇ ತೀರಿಸಿದರು, ಅದು ಅವರ ಹೆಚ್ಚುಗಾರಿಕೆ. ಆದರೆ ಅಡ್ಡ ಬರಬಾರದಿದ್ದ ಸರ್ಕಾರವೇ ಅಲ್ಲಿ ಹೆಗಲು ಕೊಟ್ಟಿತಲ್ಲ! ಅದೇ ಮಸ್ಕ್ 2024ರ ಚುನಾವಣೆಯಲ್ಲಿ ಟ್ರಂಪ್ ಪರವಾಗಿ 25 ಕೋಟಿ ಡಾಲರಿಗೂ ಹೆಚ್ಚು ಸುರಿದು, ಮರುವರ್ಷ ಸರ್ಕಾರದೊಳಗೇ ಹೋಗಿ ಕುಳಿತರು. 2004ರಲ್ಲಿ ಫೇಸ್‌ಬುಕ್‌ಗೆ 5 ಲಕ್ಷ ಡಾಲರ್ ಕೊಟ್ಟ ಹೂಡಿಕೆದಾರ ಪೀಟರ್ ಥೀಲ್, 2022ರಲ್ಲಿ ಜೆ.ಡಿ. ವ್ಯಾನ್ಸ್ ಸೆನೆಟ್‌ಗೆ ನಿಂತಾಗ 1.5 ಕೋಟಿ ಡಾಲರ್ ಹಾಕಿದರು. ವ್ಯಾನ್ಸ್ ಈಗ ಅಮೆರಿಕದ ಉಪಾಧ್ಯಕ್ಷ. ಅಧಿಕಾರ ಎಷ್ಟು ಮುಖ್ಯವೆಂದು ದೊಡ್ಡ ಬಂಡವಾಳಗಾರರಿಗೆ ಚೆನ್ನಾಗಿ ಗೊತ್ತು. ರಾಜಕೀಯ ಕೊಳಕು, ಹತ್ತಿರ ಹೋಗಬೇಡಿ ಎಂಬ ಪಾಠ ನಮ್ಮ ನಿಮ್ಮಂಥವರ ಮಕ್ಕಳಿಗೆ ಮಾತ್ರ.

ಫ್ಲಿಪ್‌ಕಾರ್ಟ್ ಕಥೆಯೂ ಬೇರೆಯಲ್ಲ. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಅದರ ಶೇ. 77ರಷ್ಟು ಪಾಲು ಕೊಂಡಿತು. ಆ ವರ್ಷ ಮುಗಿಯುವುದರೊಳಗೆ ಕೇಂದ್ರ ಸರ್ಕಾರ ವಿದೇಶಿ ಬಂಡವಾಳದ ಇ-ವಾಣಿಜ್ಯ ನಿಯಮಗಳನ್ನು ಬಿಗಿ ಮಾಡಿತು. ಅಷ್ಟು ದೊಡ್ಡ ಕಂಪನಿಯೂ ದೆಹಲಿಯ ತೀರ್ಮಾನದಿಂದ ಹೊರಗಿಲ್ಲ.

ಈಗ ನಿಮ್ಮ ಮಗನ ಯಂತ್ರಕ್ಕೆ ಬರೋಣ. ಅವನು ಗ್ರಾಹಕರಿಂದ ಹಣ ಪಡೆಯುವ ಯುಪಿಐ, ರಿಸರ್ವ್ ಬ್ಯಾಂಕಿನ ಮುತುವರ್ಜಿಯಿಂದ ಹುಟ್ಟಿದ ಸಂಸ್ಥೆಯೊಂದು 2016ರಲ್ಲಿ ತಂದದ್ದು. ಕಾಫಿಗೆ ಯಾವಾಗ ಎಷ್ಟು ನೀರು ಬೇಕೆಂಬ ತಿಳಿವಳಿಕೆಯ ಹಿಂದೆ 1925ರಿಂದ ನಡೆದಿರುವ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಇದೆ, ನಮ್ಮ ಚೆಟ್ಟಳ್ಳಿಯ ಉಪಕೇಂದ್ರವೂ ಇದೆ. ಅಲ್ಲಿ ದುಡಿದ ವಿಜ್ಞಾನಿಗಳ ಹೆಸರು ಯಾವ ಉದ್ಯಮ ಪ್ರಶಸ್ತಿಯ ವೇದಿಕೆಯಲ್ಲೂ ಕೇಳಿಬರುವುದಿಲ್ಲ. ನನಗೆ ಬೇಸರ ಇರುವುದು ಇಲ್ಲೇ.

ಬೇಸರ ಇನ್ನೂ ಇದೆ. ಗೋಣಿಕೊಪ್ಪದ ಕಡೆಯ ಒಬ್ಬ ಯುವಕ ಆಗಾಗ ನಮ್ಮ ಕಚೇರಿಗೆ ಬರುತ್ತಿದ್ದ. ಕಾಳುಮೆಣಸು, ಕಾಫಿಯ ದಿನದ ದರವನ್ನು ಸಣ್ಣ ಬೆಳೆಗಾರರಿಗೆ ತಿಳಿಸುವ ಆ್ಯಪ್ ಮಾಡಿದ್ದ. ಒಂದು ಸ್ಪರ್ಧೆಯಲ್ಲಿ ಬಹುಮಾನದ ಚೆಕ್ಕೂ ಸಿಕ್ಕಿತ್ತು. ಮಳೆಗಾಲ ಬಂತು, ಕರೆಂಟಿಲ್ಲ, ಟವರ್‌ಗೆ ಡೀಸೆಲ್ ಇಲ್ಲ, ವಾರಗಟ್ಟಲೆ ನೆಟ್‌ವರ್ಕ್ ಇಲ್ಲ. ಎರಡನೇ ಸುತ್ತಿನ ಹಣ ಕೊಡುವವರು ಯಾರೂ ಇಲ್ಲಿಗೆ ಬರಲಿಲ್ಲ. ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹೂಮಳೆ ಬಿದ್ದು ಕಾಫಿ ಅರಳಿ ತೋಟವೆಲ್ಲ ಬೆಳ್ಳಗಾದರೂ, ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆ ತಪ್ಪಿದರೆ ಕಾಯಿ ನಿಲ್ಲುವುದಿಲ್ಲ. ಅವನು ಮೈಸೂರಿಗೆ ಹೋಗಿ ಕೆಲಸಕ್ಕೆ ಸೇರಿದ.

2016ರಲ್ಲಿ ಸ್ಟಾರ್ಟಪ್ ಇಂಡಿಯಾ ಯೋಜನೆಯ ಜೊತೆಗೆ ಕೇಂದ್ರ ಸರ್ಕಾರ 10,000 ಕೋಟಿ ರೂಪಾಯಿಯ ನಿಧಿ ಘೋಷಿಸಿತು. ಅದು ಸಣ್ಣ ಉದ್ಯಮಗಳಿಗಾಗಿ ಇರುವ ಸರ್ಕಾರಿ ಬ್ಯಾಂಕ್ ಸಿಡ್ಬಿ ಮೂಲಕ ಖಾಸಗಿ ಹೂಡಿಕೆ ನಿಧಿಗಳಿಗೆ ಹೋಗಿ, ಅಲ್ಲಿಂದ ಕಂಪನಿಗಳಿಗೆ ಹೋಗುವ ಹಣ. ಆ ನಿಧಿಗಳನ್ನು ನಡೆಸುವವರು ದೊಡ್ಡ ನಗರದವರು, ತಮಗೆ ಪರಿಚಯವಿರುವವರನ್ನೇ ನೋಡುತ್ತಾರೆ. ರಾಜ್ಯ ಸರ್ಕಾರ ಬೆಂಗಳೂರಿನಾಚೆಗೂ ಉದ್ಯಮ ಬೆಳೆಯಲಿ ಎಂದು ಮೈಸೂರು, ಮಂಗಳೂರು, ಹುಬ್ಬಳ್ಳಿಯ ಕಡೆ ಗಮನ ಕೊಟ್ಟಿತು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆಯ ಪರವಾಗಿ ಯಾರು ಮಾತಾಡಿದರು? ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ಕುಶಾಲನಗರದಲ್ಲಿ ಸರ್ಕಾರಿ ಕಾಲೇಜೇ ಇದೆ. ಓದು ಮುಗಿಸಿದವರು ಬಸ್ಸು ಹತ್ತುತ್ತಾರೆ. ಇಲ್ಲಿ ರೈಲೂ ಇಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಮಣ್ಣಿನ ತೇವ ಅಳೆಯುವುದು ಎಷ್ಟು ದೊಡ್ಡ ಕೆಲಸವೆಂದು ನಾವೆಲ್ಲ ಕಂಡೆವು. ಆದರೂ ಕೊಡಗಿನಲ್ಲಿ ಹಣ ಹೂಡುವುದೆಂದರೆ ಇನ್ನೊಂದು ರೆಸಾರ್ಟ್ ಎಂದೇ ಅರ್ಥವಾಗಿಬಿಟ್ಟಿದೆ.

ನಿಮ್ಮ ಮಗ ಯಂತ್ರವನ್ನು ಚೆಟ್ಟಳ್ಳಿಯ ವಿಜ್ಞಾನಿಗಳಿಗೆ ಮೊದಲು ತೋರಿಸಲಿ. ಆಮೇಲೆ ಅಕ್ಕಪಕ್ಕದ ಬೆಳೆಗಾರರನ್ನು ಕರೆದುಕೊಂಡು ಗ್ರಾಮಸಭೆಗೆ ಹೋಗಿ, ಮಳೆಗಾಲದಲ್ಲಿ ಟವರ್ ನಿಲ್ಲದ ಹಾಗೆ ಏನು ಏರ್ಪಾಡು ಮಾಡಿದ್ದೀರಿ ಎಂದು ಕೇಳಲಿ. ಅದೇ ಪ್ರಶ್ನೆಯನ್ನು ಶಾಸಕರಿಗೂ ಬರೆದು ಕೊಡಲಿ. ನೀವೂ ಜೊತೆಗೆ ಹೋಗಿ, ತಾಯಿ. ಅವರು ಏನು ಹೇಳಿದರೆಂದು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪೂರ್ತಿಯಾಗಿ ಅಚ್ಚು ಹಾಕುತ್ತೇವೆ.

– ಸಂಪಾದಕ